ಹಿರೇಬೆಂಡಿಗೇರಿಗೆ ಯಾವ ಕಳ್ಳ ಬರತಾನ್ರೀ?

"ಸರ್ವರ್ ಇಲ್ರೀ, ನಾಳೆ ಬರ್ರಿ."

ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಾಗಲಿ, ಸುತ್ತಲಿನ ಇನ್ನಾವ ಹಳ್ಳಿಯಾಗಲಿ, ಈ ಮಾತು ಕೇಳದ ಕಿವಿ ಇಲ್ಲ. ರೇಶನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಮುದುಕಿಗೂ ಗೊತ್ತು, ಉತಾರ ತೆಗೆಸಲು ಬಸ್ಸು ಹತ್ತಿ ಶಿಗ್ಗಾವಿಗೆ ಹೋದ ರೈತನಿಗೂ ಗೊತ್ತು. ಆ ಸರ್ವರ್ ಕರಿದೋ ಬಿಳಿದೋ, ಗಿಡ್ಡೋ ಉದ್ದೋ, ಕಣ್ಣಾರೆ ಕಂಡವರಿಲ್ಲ. ಇದ್ದಾಗ ಯಾರೂ ನೆನೆಯುವುದಿಲ್ಲ, ಇಲ್ಲದಾಗ ಊರಿಗೆ ಊರೇ ಅದರ ಹೆಸರು ಹೇಳುತ್ತದೆ. ಮಳೆಯ ಹಾಗೆ!

ಈಗ ಆ ಸರ್ವರ್ ಸರಕಾರಿ ಕಚೇರಿಯ ಹೊಸ್ತಿಲು ದಾಟಿ ಕಿರಾಣಿ ಅಂಗಡಿಗೆ, ಬೀಜ-ಗೊಬ್ಬರದ ಅಂಗಡಿಗೆ, ಔಷಧದ ಅಂಗಡಿಗೆ ಬಂದು ಕುಳಿತಿದೆ. ಅಂಗಡಿಯವರು ಅದನ್ನು ಸರ್ವರ್ ಎನ್ನುವುದಿಲ್ಲ, 'ಮೇನ್ ಕಂಪ್ಯೂಟರ್' ಎನ್ನುತ್ತಾರೆ. ಹಿಂದಿನ ಕೋಣೆಯಲ್ಲಿ ಒಂದು ಯಂತ್ರ. ಅದರ ಹೊಟ್ಟೆಯಲ್ಲಿ ಎಲ್ಲ ಲೆಕ್ಕ. ಗಲ್ಲಾದ ಬಳಿ ಇನ್ನೊಂದು, ಗೋದಾಮಿನಲ್ಲಿ ಮತ್ತೊಂದು. ಈ ಎರಡೂ ತಂತಿಯ ಮೂಲಕ ಮೇನ್ ಕಂಪ್ಯೂಟರನ್ನು ಕೇಳಿ ಬಿಲ್ಲು ಹೊಡೆಯುತ್ತವೆ. ಸರ್ವರ್ ಎಂದರೆ ಇಷ್ಟೇ. ನಾಲ್ಕು ಜನಕ್ಕೆ ಒಬ್ಬನೇ ಬಡಿಸುವವನು.

2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಈ ಯಂತ್ರವಿಲ್ಲದೆ ವ್ಯಾಪಾರ ಕಷ್ಟ ಎಂಬ ಹಾಗಾಯಿತು. ರಿಟರ್ನ್ ತುಂಬಬೇಕು, ಇ-ವೇ ಬಿಲ್ಲು ತೆಗೆಯಬೇಕು. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಬಾರದ ಗುಮಾಸ್ತನಿಗೆ ಕೆಲಸವೇ ಇಲ್ಲ. 1986ರಲ್ಲಿ ಶುರುವಾದ ಆ ಕಂಪನಿ ನಮ್ಮ ಬೆಂಗಳೂರಿನದೇ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದಿರಲಿ.

ಕೀರ್ದಿ ಹೋಯಿತು, ಡಬ್ಬಿ ಬಂತು

ಹಿಂದಿನ ಕಾಲದ ಅಂಗಡಿ ನೆನೆಸಿಕೊಳ್ಳಿ. ಕೆಂಪು ಬಟ್ಟೆಯ ರಟ್ಟಿನ ಕೀರ್ದಿ, ಖತಾವಣಿ. ದೀಪಾವಳಿಗೆ ಅರಿಷಿಣ-ಕುಂಕುಮ ಹಚ್ಚಿ ಪೂಜೆ. ರಾತ್ರಿ ಅಂಗಡಿ ಮುಚ್ಚುವಾಗ ಅವು ಕಪಾಟಿಗೆ, ಕಪಾಟಿನ ಕೀಲಿ ಮಾಲಕರ ಉಡದಾರಕ್ಕೆ. ಕಳ್ಳ ಬಂದರೂ ರೊಕ್ಕ ಒಯ್ಯುತ್ತಿದ್ದ, ಖತಾವಣಿ ಒಯ್ದು ಏನು ಮಾಡಿಯಾನು? ಅವನಿಗೆ ಅದು ಬರೀ ರದ್ದಿ.

ಆದರೆ ಆ ರದ್ದಿಯ ಬೆಲೆ ಅಂಗಡಿಯವರಿಗೆ ಗೊತ್ತಿತ್ತು. ನಮ್ಮ ಕಡೆ ವ್ಯಾಪಾರ ನಡೆಯುವುದೇ ಉದ್ರಿಯ ಮೇಲೆ. ಮುಂಗಾರಿಗೆ ಬೀಜ, ಗೊಬ್ಬರ, ಎಣ್ಣಿ ಒಯ್ದವರು ಗೋವಿನಜೋಳವೋ ಹತ್ತಿಯೋ ಮಾರಿದ ಮೇಲೆ ಕೊಡುತ್ತಾರೆ. ನಡುವೆ ಐದಾರು ತಿಂಗಳು. ಆ ಐದಾರು ತಿಂಗಳು ಇಬ್ಬರ ಮಾನವೂ ಆ ಖತಾವಣಿಯೊಳಗೆ ಇರುತ್ತದೆ. ಕೊಡಬೇಕಾದವರ ಲೆಕ್ಕ ಅಳಿಸಿ ಹೋದರೆ ಅಂಗಡಿಯವರು ಮುಳುಗಿದರು. ಕೊಟ್ಟವರ ಜಮಾ ಅಳಿಸಿ ಹೋದರೆ? "ಕೊಟ್ಟೇನ್ರೀ ಸಾವ್ಕಾರ್ರ, ಹೋದ ಶನಿವಾರನ ಕೊಟ್ಟೇನಿ" ಎಂದು ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಮುಂದೆ ಆಣೆ ಮಾಡಬೇಕು.

ಈಗ ಆ ಖತಾವಣಿ ಹಿಂದಿನ ಕೋಣೆಯ ಡಬ್ಬಿಯಲ್ಲಿದೆ. ಆ ಡಬ್ಬಿಗೆ ಒಂದು ತಂತಿ ಸಿಕ್ಕಿಸಿದೆ, ತಂತಿಯ ಆ ತುದಿಯಲ್ಲಿ ಇಡೀ ಜಗತ್ತಿದೆ. ಅಂಗಡಿಯ ಮುಂದಿನ ಶಟರಿಗೆ ಎರಡು ಕೀಲಿ ಹಾಕುವವರು ಈ ಹಿತ್ತಲ ಬಾಗಿಲನ್ನು ತೆರೆದಿಟ್ಟು ಮಲಗುತ್ತಾರೆ. ತಪ್ಪು ಅವರದಲ್ಲ. ಅಲ್ಲೊಂದು ಬಾಗಿಲಿದೆ ಎಂದು ಅವರಿಗೆ ಹೇಳಿದವರೇ ಇಲ್ಲ.

ಹಿತ್ತಲ ಬಾಗಿಲು ತೆಗೆದವರಾರು?

ಬಾಗಿಲು ತೆರೆಯುವುದು ಹೀಗೆ. ಮಾಲಕರು ಹುಬ್ಬಳ್ಳಿಗೆ ಮಾಲು ತರಲು ಹೋಗುತ್ತಾರೆ, ಅಲ್ಲಿಂದಲೇ ಮೊಬೈಲಿನಲ್ಲಿ ಅಂಗಡಿಯ ಲೆಕ್ಕ ನೋಡುವ ಆಸೆ. ಲೆಕ್ಕ ಬರೆಯುವವರು ಶಿಗ್ಗಾವಿಯಲ್ಲಿ, ದಿನಾ ಬಸ್ಸಿಗೆ ಬಂದುಹೋಗಲು ಅವರಿಗೆ ಬೇಸರ. "ಮನ್ಯಾಗಿಂದನ ಮಾಡ್ತೀನ್ರೀ, ಒಂದ್ ಲೈನ್ ಕೊಡ್ರಿ" ಎನ್ನುತ್ತಾರೆ. ಕಂಪ್ಯೂಟರ್ ಹುಡುಗ ಬರುತ್ತಾನೆ, ಹತ್ತು ನಿಮಿಷ ಟಕಟಕ ಎನಿಸುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಲೆಕ್ಕದವರು ಅಂದಿನಿಂದಲೇ ಮನೆಯಿಂದ ಕೆಲಸ ಶುರು ಮಾಡುತ್ತಾರೆ. ಎಲ್ಲರಿಗೂ ಸಂತೋಷ.

ಹುಡುಗ ಮಾಡಿದ್ದೇನು? ಒಂದು, ಕಂಪನಿಯಿಂದ 'ಸ್ಟ್ಯಾಟಿಕ್ ಐಪಿ' ಕೊಡಿಸಿದ. ಸಾಮಾನ್ಯ ಲೈನಿನಲ್ಲಿ ಅಂಗಡಿಗೆ ಕಾಯಂ ವಿಳಾಸ ಇರುವುದಿಲ್ಲ. ಎಷ್ಟೋ ಕಡೆ ನೂರಾರು ಮನೆಗಳಿಗೆ ಸೇರಿ ಒಂದೇ ವಿಳಾಸವಿರುತ್ತದೆ. ಸ್ಟ್ಯಾಟಿಕ್ ಐಪಿ ಎಂದರೆ ಅಂಗಡಿಗೇ ಸ್ವಂತ ಬಾಗಿಲ ನಂಬರು. ಎರಡು, ಗೋಡೆಯ ಮೇಲಿನ ಡಬ್ಬಿಯಲ್ಲಿ 3389 ಎಂಬ ಕಿಂಡಿಯನ್ನು ಹೊರಕ್ಕೆ ತೆರೆದ. ಒಂದು ಕಂಪ್ಯೂಟರಿಗೆ ಇಂಥ ಕಿಂಡಿಗಳು ಅರವತ್ತೈದು ಸಾವಿರಕ್ಕೂ ಹೆಚ್ಚು, ಅದರಲ್ಲಿ 3389 ಎಂಬುದು ವಿಂಡೋಸ್ ಯಂತ್ರವನ್ನು ದೂರದಿಂದ ನಡೆಸುವ ಕಿಂಡಿ. ಅದರೊಳಗೆ ತೂರಿದವರು ಮೇನ್ ಕಂಪ್ಯೂಟರಿನ ಮುಂದೆಯೇ ಕುಳಿತ ಹಾಗೆ. ಲೆಕ್ಕದವರಿಗೆ ತೆರೆದ ಆ ಕಿಂಡಿ ಉಳಿದವರಿಗೂ ತೆರೆದಿದೆ. ಅಡ್ಡ ಇರುವುದು ಒಂದು ಪಾಸ್‌ವರ್ಡು ಮಾತ್ರ, ಅದೂ ಬಹಳ ಕಡೆ ಅಂಗಡಿಯ ಹೆಸರಿನ ಮುಂದೆ 123.

ಇದನ್ನು ಹೇಳಿದರೆ ಬರುವ ಉತ್ತರ ಒಂದೇ: "ಹಿರೇಬೆಂಡಿಗೇರಿಗೆ ಯಾವ ಕಳ್ಳ ಬರತಾನ್ರೀ? ಬಸ್ಸ ಬರೂದ ತ್ರಾಸ ಐತಿ!"

ಮಾತು ನಗು ತರಿಸುತ್ತದೆ, ಆದರೆ ಲೆಕ್ಕ ತಪ್ಪು. ಬಸ್ಸಿಗೆ ಊರುಂಟು, ದಾರಿಯುಂಟು, ಕೆಸರುಂಟು. ಇಂಟರ್ನೆಟ್ಟಿಗೆ ಹಳ್ಳಿ-ಪಟ್ಟಣದ ಭೇದವಿಲ್ಲ, ಅದಕ್ಕೆ ಎಲ್ಲವೂ ನಂಬರೇ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. 2013ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 'ಜೀಮ್ಯಾಪ್' ಎಂಬ ಸಾಧನ ತಯಾರಿಸಿ, ಒಂದೇ ಕಂಪ್ಯೂಟರಿನಿಂದ ಆ ಎಲ್ಲ ವಿಳಾಸಗಳ ಒಂದು ಕಿಂಡಿಯನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ತೋರಿಸಿದರು. ಹಾವೇರಿಯಲ್ಲಿ ಹತ್ತಿದವರು ಶಿಗ್ಗಾವಿಯಲ್ಲಿ ಇಳಿಯುವ ಹೊತ್ತಿಗೆ ಜಗತ್ತಿನ ಬಾಗಿಲೆಲ್ಲ ತಟ್ಟಿ ಮುಗಿಯಿತು! ಇಂದು ಈ ತಟ್ಟುವ ಕೆಲಸ ಹಗಲೂ ರಾತ್ರಿ ಯಂತ್ರಗಳಿಂದಲೇ ನಡೆದಿರುತ್ತದೆ. ತಟ್ಟುವವನಿಗೆ ಹಿರೇಬೆಂಡಿಗೇರಿಯ ಹೆಸರು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಬಾಗಿಲು ಸಡಿಲವಿದ್ದರೆ ಸಾಕು.

ಕೆಲವು ಹುಡುಗರು ಜಾಣತನ ಮಾಡಿ 3389 ಬದಲು ಬೇರೆ ನಂಬರು ಕೊಡುತ್ತಾರೆ. ಅದು ಮುಂಬಾಗಿಲು ಮುಚ್ಚಿ ಪಕ್ಕದ ಗೋಡೆಗೆ ಬಾಗಿಲು ಇಟ್ಟಂತೆ. ಸುತ್ತು ಹಾಕುವವನಿಗೆ ಅದೂ ಕಾಣುತ್ತದೆ.

ಒಂದು ಚಕ್ಕಡಿಯ ಕಂಪನಿ

ಒಳಗೆ ಬಂದವನು ಏನು ಮಾಡುತ್ತಾನೆ? ಮೊದಲು ಸುಮ್ಮನಿರುತ್ತಾನೆ. ಎಲ್ಲಿ ಏನಿದೆ ನೋಡುತ್ತಾನೆ. ಬಹಳ ಸಲ ಅಂಗಡಿ ಮುಚ್ಚಿದ ಹೊತ್ತು, ರಜೆಯ ರಾತ್ರಿ ನೋಡಿಕೊಂಡು ಎಲ್ಲ ಕಡತಗಳನ್ನೂ ತನ್ನ ಕೀಲಿ ಹಾಕಿ ಮುಚ್ಚುತ್ತಾನೆ. ಮರುದಿನ ಯಂತ್ರ ಹಚ್ಚಿದರೆ ಟ್ಯಾಲಿ ತೆರೆಯುವುದಿಲ್ಲ, ಪರದೆಯ ಮೇಲೆ ಒಂದು ಚೀಟಿ: ಇಷ್ಟು ಹಣ ಕೊಡಿ, ಕೀಲಿ ಕೊಡುತ್ತೇವೆ. ಇದಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ, ಒತ್ತೆಹಣದ ದಂಧೆ.

ಇಂಗ್ಲೆಂಡಿನ ನಾರ್ದಾಂಪ್ಟನ್‌ಶೈರ್ ಎಂಬ ಸೀಮೆಯಲ್ಲಿ 'ಓಲ್ಡ್' ಎಂಬ ಹಳ್ಳಿಯಿದೆ. 1865ರಲ್ಲಿ ಅಲ್ಲಿ ವಿಲಿಯಂ ನೈಟ್ ಎಂಬಾತ ಕುದುರೆ ಗಾಡಿಯಲ್ಲಿ ಸಾಮಾನು ಸಾಗಿಸುವ ಕಸುಬು ಶುರುಮಾಡಿದ. ನಮ್ಮ ಕಡೆಯ ಬಾಡಿಗೆ ಚಕ್ಕಡಿಯಂತೆಯೇ. ಆ ಗಾಡಿ ಬೆಳೆದು 'ನೈಟ್ಸ್ ಆಫ್ ಓಲ್ಡ್' ಎಂಬ ಲಾರಿ ಕಂಪನಿಯಾಯಿತು. ಸುಮಾರು 500 ಲಾರಿ, 700ಕ್ಕೂ ಮಿಕ್ಕಿ ನೌಕರರು. 2023ರ ಜೂನ್‌ನಲ್ಲಿ ಒತ್ತೆಹಣದ ತಂಡವೊಂದು ಒಳನುಗ್ಗಿತು. ನೌಕರರೊಬ್ಬರ ದುರ್ಬಲ ಪಾಸ್‌ವರ್ಡನ್ನು ಊಹಿಸಿಯೇ ಒಳಗೆ ಬಂದರೆಂದು ಕಂಪನಿಯವರು ನಂಬಿದ್ದಾರೆ. ಲೆಕ್ಕವೆಲ್ಲ ಬಂದ್, ಜೊತೆಗೆ ಕಾಪಾಡಿಟ್ಟ ಪ್ರತಿಯೂ ಹಾಳು. ಲಾರಿಗಳಿದ್ದವು, ಡ್ರೈವರುಗಳಿದ್ದರು, ರಸ್ತೆಯಿತ್ತು. ಆದರೆ ಸಾಲ ಕೊಡುವವರಿಗೆ ತೋರಿಸಲು ಲೆಕ್ಕವೇ ಇಲ್ಲ! ಅದೇ ಸಪ್ಟಂಬರಿನಲ್ಲಿ 158 ವರ್ಷದ ಕಂಪನಿ ಬಾಗಿಲು ಹಾಕಿತು. ಏಳುನೂರು ಮನೆಯ ಒಲೆ.

ದೂರದ ಮಾತೆನ್ನುವಿರಾ? 2024ರ ಜುಲೈ 31ರಂದು ಸಣ್ಣ ಬ್ಯಾಂಕುಗಳಿಗೆ ಗಣಕ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಗೆ ಇಂಥದೇ ದಾಳಿ ತಟ್ಟಿತು. ರೋಗ ಹರಡದಿರಲೆಂದು ಪಾವತಿ ನಿಗಮದವರು ಆ ಕಂಪನಿಯನ್ನೇ ಜಾಲದಿಂದ ಬೇರ್ಪಡಿಸಿದರು. ದೇಶದ ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳು ಹಣವಿದ್ದೂ ಯುಪಿಐ ಮಾಡಲಾಗದೆ ಕುಳಿತರು. ಮರುದಿನ ಸೇವೆ ಮರಳಿತು.

ನಮ್ಮ ರಾಜ್ಯದ್ದೇ ಇನ್ನೊಂದು ಬಗೆ. ಆಸ್ತಿ ನೋಂದಣಿಯ 'ಕಾವೇರಿ-2' ತಂತ್ರಾಂಶ 2025ರ ಜನವರಿ ಹೊತ್ತಿಗೆ ತತ್ತರಿಸಿತು. ಉಪನೋಂದಣಿ ಕಚೇರಿಗಳಲ್ಲಿ ಜನ ಕಾದು ಕಾದು ಮನೆಗೆ ಹೋದರು. ಇದು ಬೇಕೆಂದೇ ಮಾಡಿದ ದಾಳಿ ಎಂದು ಸರಕಾರ ಪೊಲೀಸರಿಗೆ ದೂರು ಕೊಟ್ಟಿತು. ಇಲ್ಲಿ ಯಾರೂ ಒಳಗೆ ನುಗ್ಗಿ ಕದ್ದದ್ದಲ್ಲ. ಬಸ್ಸಿನ ಬಾಗಿಲಲ್ಲಿ ನೂರು ಜನ ನೆರೆದು, ತಾವೂ ಹತ್ತದೆ, ಹತ್ತುವವರಿಗೂ ಬಿಡದೆ ನಿಂತರೆ ಹೇಗೆ? ಹಾಗೆ.

ಅಂಗಡಿಗೆ ಬರುವ ಕಷ್ಟ ಮೊದಲನೆಯ ಬಗೆಯದು. ಗೊಬ್ಬರದ ಹಂಗಾಮಿನಲ್ಲಿ ಮೂರು ದಿನ ಬಿಲ್ಲು ನಿಂತರೆ ಏನಾದೀತು ಎಂದು ಹಾವೇರಿ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. 2008ರ ಜೂನ್‌ನಲ್ಲಿ ಗೊಬ್ಬರದ ಗಲಾಟೆಗೆ ಗೋಲಿಬಾರ್ ಕಂಡ ಜಿಲ್ಲೆ ಇದು.

ಹಾಗಾದರೆ ಹೇಗೆ ಹಾಕಿಸಬೇಕು?

ಲೈನಿನ ವಿಚಾರ ಬೇಗ ಮುಗಿಯುತ್ತದೆ. ಊರಿಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ, ಬಿಎಸ್‌ಎನ್‌ಎಲ್ ಆಗಲಿ ಕೇಬಲ್ಲಿನವರದಾಗಲಿ. ಕರೆಂಟು ಹೋದಾಗ ಕಂಪ್ಯೂಟರು ಯುಪಿಎಸ್ ಮೇಲೆ ನಡೆದಿರುತ್ತದೆ, ಗೋಡೆಯ ಮೇಲಿನ ಫೈಬರ್ ಡಬ್ಬಿ ಮಾತ್ರ ಸತ್ತಿರುತ್ತದೆ. ಮಾಲಕರು "ನೆಟ್ ಇಲ್ಲ" ಎಂದು ಕಂಪನಿಗೆ ಬೈಯುತ್ತಾರೆ. ಆ ಡಬ್ಬಿಗೂ ಯುಪಿಎಸ್ಸಿನಿಂದಲೇ ಕರೆಂಟು ಕೊಡಬೇಕು. ರಸ್ತೆ ಅಗೆಯುವವರು ಫೈಬರ್ ಕಡಿದ ದಿನಕ್ಕೆ ಮೊಬೈಲಿನ ಹಾಟ್‌ಸ್ಪಾಟ್ ಇದ್ದೇ ಇದೆ. ಲೆಕ್ಕ ಅಂಗಡಿಯಲ್ಲೇ ಇದ್ದರೆ ನೆಟ್ ಹೋದರೂ ಬಿಲ್ಲು ನಿಲ್ಲುವುದಿಲ್ಲ ಎಂಬುದು ಈ ಮೇನ್ ಕಂಪ್ಯೂಟರಿನ ದೊಡ್ಡ ಗುಣ.

ಇನ್ನು ಬಾಗಿಲು. ಹೊರಗಿನಿಂದ ಯಾರೂ ಲೆಕ್ಕ ನೋಡಬೇಕಾಗಿಲ್ಲ ಎಂದರೆ ಸ್ಟ್ಯಾಟಿಕ್ ಐಪಿ ಬೇಡವೇ ಬೇಡ. ದುಡ್ಡು ಕೊಟ್ಟು ಬಾಗಿಲು ಏಕೆ ಇಡಿಸಬೇಕು? ಲೆಕ್ಕದವರಿಗೆ ದೂರದಿಂದ ಕೆಲಸ ಬೇಕೇಬೇಕು ಎಂದಾದರೆ ಕಿಂಡಿ ತೆರೆಸಬೇಡಿ, 'ವಿಪಿಎನ್ ಹಾಕಿಕೊಡಪ್ಪಾ' ಎಂದು ಹುಡುಗನಿಗೆ ಹೇಳಿ. ಅದು ಲೆಕ್ಕದವರ ಯಂತ್ರದಿಂದ ಅಂಗಡಿಯ ಯಂತ್ರಕ್ಕೆ ನೆಲದೊಳಗೆ ಕೊರೆದ ದಾರಿ ಇದ್ದಂತೆ. ದಾರಿಯ ಬಾಯಿಯಲ್ಲೇ ಕೀಲಿ ಕೇಳುತ್ತದೆ, ಕೀಲಿ ಇಲ್ಲದವರಿಗೆ ಹಿಂದಿನ ಯಂತ್ರದ ಕಿಂಡಿಗಳೇ ಕಾಣುವುದಿಲ್ಲ. ಅದರ ಮೇಲೆ ಮೊಬೈಲಿಗೆ ಬರುವ ಎರಡನೆಯ ಗುರುತಿನ ನಂಬರೂ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಂಕಿನವರು ಓಟಿಪಿ ಕೇಳುವುದಿಲ್ಲವೇ, ಅದೇ ಪದ್ಧತಿ. 2021ರಲ್ಲಿ ಅಮೆರಿಕದ ಕಲೋನಿಯಲ್ ಎಂಬ ತೈಲ ಕೊಳವೆಯ ಕಂಪನಿಗೆ ಕಳ್ಳರು ಬಂದದ್ದು ವಿಪಿಎನ್ ದಾರಿಯಿಂದಲೇ. ಬಳಕೆಯಲ್ಲಿಲ್ಲದ ಹಳೆಯ ಖಾತೆ, ಒಂದೇ ಪಾಸ್‌ವರ್ಡು, ಎರಡನೆಯ ಗುರುತಿಲ್ಲ. ಪೆಟ್ರೋಲ್ ಬಂಕುಗಳ ಮುಂದೆ ಪಾಳಿ ಹಚ್ಚುವ ಹಾಗಾಯಿತು. ಹಾಗಾಗಿ ಕೆಲಸ ಬಿಟ್ಟು ಹೋದ ಗುಮಾಸ್ತನ ಹೆಸರನ್ನು ಆ ದಿನವೇ ತೆಗೆಸಬೇಕು. ಅಂಗಡಿಯ ಕೀಲಿ ಇಸಿದುಕೊಳ್ಳುತ್ತೀರಲ್ಲ, ಇದನ್ನೂ ಇಸಿದುಕೊಳ್ಳಿ.

ಎನಿಡೆಸ್ಕ್‌ನಂಥ ತಂತ್ರಾಂಶ ಹಾಕಿ, ಅದಕ್ಕೊಂದು ಕಾಯಂ ಪಾಸ್‌ವರ್ಡು ಕೊಟ್ಟು ಹೋಗುವ ಹುಡುಗರೂ ಇದ್ದಾರೆ. "ಏನರ ತೊಂದ್ರಿ ಆದ್ರ ಅಲ್ಲಿಂದನ ನೋಡ್ತೀನ್ರೀ ಅಣ್ಣಾರ" ಎನ್ನುವುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಅವನ ಮೊಬೈಲು ಕಳೆದರೆ ಎಷ್ಟು ಅಂಗಡಿಯ ಕೀಲಿ ಕಳೆದಂತೆ? ಬೇಕಾದಾಗ ಮಾತ್ರ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚುವುದು ಲೇಸು.

ಪಾಸ್‌ವರ್ಡು ಉದ್ದವಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ಮೂರು-ನಾಲ್ಕು ಮಾತು ಸಾಲಾಗಿ ಹಾಕಿದರೆ ನೆನಪೂ ಉಳಿಯುತ್ತದೆ, ಊಹಿಸಲೂ ಕಷ್ಟ. ಚಕ್ಕಡಿ, ಹುಣ್ಣಿಮೆ, ಸೂಜಿ, ಗೋಡಂಬಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಹಾಗೆ. (ಇದನ್ನೇ ಇಡಬೇಡಿ, ಪೇಪರಿನಲ್ಲಿ ಬಂದುಬಿಟ್ಟಿದೆ.) ದಿನಾ ಬಿಲ್ಲು ಹೊಡೆಯುವವರಿಗೆ 'ಅಡ್ಮಿನಿಸ್ಟ್ರೇಟರ್' ಅಧಿಕಾರ ಬೇಡ. ಟ್ಯಾಲಿಯ ಫೋಲ್ಡರನ್ನು 'ಎವರಿವನ್' ಎಂದು ಹಂಚಿಟ್ಟಿದ್ದರೆ ತೆಗೆಸಿ, ಯಾರಿಗೆ ಬೇಕೋ ಅವರ ಹೆಸರಿಗೆ ಮಾತ್ರ ಕೊಡಿ. ಎಲ್ಲರಿಗೂ ಬರೆಯುವ ಹಕ್ಕಿದ್ದರೆ, ಗೋದಾಮಿನ ಯಂತ್ರಕ್ಕೆ ತಗುಲಿದ ರೋಗ ಅಲ್ಲಿಂದಲೇ ಮೇನ್ ಕಂಪ್ಯೂಟರಿನ ಲೆಕ್ಕವನ್ನೂ ಮುಚ್ಚಿಬಿಡುತ್ತದೆ.

ಕ್ಯಾಮರಾ ಮತ್ತು ಗಿರಾಕಿಗಳ ವೈಫೈಯನ್ನು ಲೆಕ್ಕದ ಯಂತ್ರಗಳಿಂದ ಬೇರೆ ಇಡಬೇಕು. ಇದಕ್ಕೆ ಇನ್ನೊಂದು ಸಣ್ಣ ರೌಟರ್ ಸಾಕಾಗುತ್ತದೆ. ಕಳ್ಳನನ್ನು ಹಿಡಿಯಲೆಂದು ಹಾಕಿಸಿದ ಕ್ಯಾಮರಾವೇ ಕಳ್ಳನಿಗೆ ದಾರಿಯಾದ ಉದಾಹರಣೆ ಬೇಕಾದಷ್ಟಿವೆ. 2016ರಲ್ಲಿ 'ಮಿರಾಯಿ' ಎಂಬ ಹಾವಳಿ ಲಕ್ಷಾಂತರ ಕ್ಯಾಮರಾ, ರೌಟರುಗಳನ್ನು ವಶ ಮಾಡಿಕೊಂಡದ್ದು ಕಾರ್ಖಾನೆಯಲ್ಲಿ ಕೊಟ್ಟ 'ಅಡ್ಮಿನ್' ಮುಂತಾದ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳಿಂದ. ಡಿವಿಆರ್ ಹಾಕಿದ ದಿನವೇ ಆ ಪಾಸ್‌ವರ್ಡು ಬದಲಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಪರದೆಯ ಮೂಲೆಯಲ್ಲಿ 'ಅಪ್‌ಡೇಟ್' ಎಂದು ಬಂದರೆ ಮುಂದೂಡುವ ಚಟ ಬಿಡಬೇಕು. 2017ರ ಮೇ 12ರಂದು 'ವಾನಾಕ್ರೈ' ರೋಗ 150ರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಕೆಡಿಸಿತು. ಅದರ ಔಷಧವನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಮಾರ್ಚಿನಲ್ಲಿ ಕೊಟ್ಟಿತ್ತು! ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಲೆಕ್ಕ ನಡೆಸುವವರು ಮುಂದಿನ ವ್ಯವಸ್ಥೆ ಕೇಳಿಕೊಳ್ಳಬೇಕು. ಕದ್ದ ವಿಂಡೋಸ್ ಹಾಕಿಸಿಕೊಂಡವರಿಗೆ ಏನು ಹೇಳುವುದು?

ಗಿರಾಕಿಗಳ ಆಧಾರ್ ಜೆರಾಕ್ಸು, ಫೋನ್ ನಂಬರು ಯಂತ್ರದಲ್ಲಿ ತುಂಬಿಟ್ಟುಕೊಳ್ಳುವ ರೂಢಿಯೂ ಇದೆ. 2023ರಲ್ಲಿ ಇದಕ್ಕೆಂದೇ ಕಾಯಿದೆಯಾಗಿದೆ. ಬೇಡದ್ದನ್ನು ಇಟ್ಟುಕೊಳ್ಳದಿದ್ದರೆ ಅರ್ಧ ಚಿಂತೆ ಇಲ್ಲ.

ಅಷ್ಟಾದರೂ ಕಳ್ಳ ಬಂದರೆ?

ಬಾಗಿಲು ಎಷ್ಟೇ ಗಟ್ಟಿಯಿರಲಿ, ಬರುವವನು ಬಂದೇ ಬರುತ್ತಾನೆ ಎಂದಿಟ್ಟುಕೊಳ್ಳುವುದು ಒಳ್ಳೆಯದು. ಆಗ ಕೈಹಿಡಿಯುವುದು ಎರಡನೆಯ ಪ್ರತಿ. 'ಬ್ಯಾಕಪ್ ಐತಲ್ರೀ' ಎನ್ನುವವರ ಬ್ಯಾಕಪ್ ನೋಡಿದರೆ ಅದೇ ಯಂತ್ರದ ಡಿ ಡ್ರೈವಿನಲ್ಲಿರುತ್ತದೆ, ಇಲ್ಲವೇ ವರ್ಷಗಟ್ಟಲೆ ಅದೇ ಯಂತ್ರಕ್ಕೆ ಸಿಕ್ಕಿಸಿಟ್ಟ ಪೆನ್‌ಡ್ರೈವಿನಲ್ಲಿ. ಯಂತ್ರವನ್ನು ಮುಚ್ಚುವವನು ಸಿಕ್ಕಿಸಿದ್ದನ್ನು ಬಿಡುತ್ತಾನೆಯೇ? ನೈಟ್ಸ್ ಕಂಪನಿಯಲ್ಲಿ ಆದದ್ದೂ ಇದೇ.

ಎರಡು ಹಾರ್ಡ್ ಡಿಸ್ಕು ಬೇಕು. ಒಂದೊಂದರ ಬೆಲೆ ನಾಲ್ಕೈದು ಚೀಲ ಡಿಎಪಿಯಷ್ಟು ಇದ್ದೀತು. ಇಂದು ಒಂದು, ನಾಳೆ ಇನ್ನೊಂದು. ಲೆಕ್ಕ ಇಳಿಸಿಕೊಂಡ ಮೇಲೆ ಕಿತ್ತಿಟ್ಟುಕೊಳ್ಳಬೇಕು, ಅಂಗಡಿಯಲ್ಲಲ್ಲ, ಮನೆಯಲ್ಲಿ. ಅಂಗಡಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯುತ್ತದೆ. ಹಿಂದಿನವರು ಖತಾವಣಿಯನ್ನು ಮನೆಗೆ ಒಯ್ಯುತ್ತಿದ್ದರಲ್ಲ, ಅದೇ ಬುದ್ಧಿ. ಉದ್ರಿ ಒಯ್ದವರಿಗೆ ಆಗಿಂದಾಗ ಬಾಕಿ ಚೀಟಿ ಮುದ್ರಿಸಿ ಕೊಡುವುದೂ ಒಂದು ಬಗೆಯ ಬ್ಯಾಕಪ್ಪೇ. ಲೆಕ್ಕ ಇಬ್ಬರ ಕೈಯಲ್ಲೂ ಇದ್ದಂತಾಗುತ್ತದೆ.

ಆಗಬಾರದ್ದು ಆಗಿಹೋದರೆ ಮೊದಲು ನೆಟ್ಟಿನ ತಂತಿ ಕಿತ್ತುಹಾಕಿ. ಉಳಿದ ಯಂತ್ರಗಳದ್ದೂ ಕೀಳಿ. ಬ್ಯಾಕಪ್ ಡಿಸ್ಕನ್ನು ಗಾಬರಿಯಲ್ಲಿ ಅದೇ ಯಂತ್ರಕ್ಕೆ ಸಿಕ್ಕಿಸಬೇಡಿ, ಅದೂ ಹೋದೀತು! ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ತಕ್ಷಣ ಫೋನು, ಹಾವೇರಿಯ ಸಿಇಎನ್ ಪೊಲೀಸ್ ಠಾಣೆಗೆ ದೂರು. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಒತ್ತೆಹಣ ಕೊಟ್ಟರೆ ಕೀಲಿ ಬಂದೇ ಬರುತ್ತದೆಂಬ ಖಾತ್ರಿ ಯಾರಿಗೂ ಇಲ್ಲ.

ಉಳಿದದ್ದು ಒಂದು ಸಣ್ಣ ಕೆಲಸ, ಹೆಚ್ಚಿನವರು ಮಾಡದಿರುವುದೂ ಅದನ್ನೇ. ತಿಂಗಳಿಗೊಮ್ಮೆ, ಸೂಟಿಯ ದಿನ, ಮನೆಯ ಹಳೆಯ ಲ್ಯಾಪ್‌ಟಾಪಿಗೆ ಆ ಡಿಸ್ಕು ಸಿಕ್ಕಿಸಿ ಲೆಕ್ಕ ತೆರೆದು ನೋಡಬೇಕು. ಮೂವರು ಉದ್ರಿ ಗಿರಾಕಿಗಳ ಹೆಸರು ತೆಗೆದು, ಅವರ ಕೈಯಲ್ಲಿರುವ ಬಾಕಿ ಚೀಟಿಗೆ ತಾಳೆ ಹಾಕಬೇಕು. ತಾಳೆಯಾದರೆ ಡಿಸ್ಕು ಮತ್ತೆ ಕಪಾಟಿಗೆ, ಆಗದಿದ್ದರೆ ಮರುದಿನ ಮೊದಲ ಬಸ್ಸಿಗೇ ಆ ಕಂಪ್ಯೂಟರ್ ಹುಡುಗನಿಗೆ ಬರಹೇಳಬೇಕು.